ನೂರು ಕಿಲೋಮೀಟರಿನ ವ್ರತ

ಜಪಾನಿನ ಕಾದಂಬರಿಕಾರ ಹಾರುಕಿ ಮುರಾಕಾಮಿಯವರು ಓಟವನ್ನು ಕುರಿತು ಬರೆದ ಪುಸ್ತಕವು ಜಪಾನೀ ಭಾಷೆಯಲ್ಲಿ 2007ರಲ್ಲಿಯೂ, ಫಿಲಿಪ್ ಗೇಬ್ರಿಯಲ್ ಎಂಬವರ ಇಂಗ್ಲಿಷ್ ಅನುವಾದದಲ್ಲಿ 2008ರಲ್ಲಿಯೂ ಪ್ರಕಟವಾಯಿತು. ಇದರ ಹೆಸರನ್ನು 'ಓಟದ ಮಾತನ್ನಾಡುವಾಗ ನಾನು ಆಡುವ ಮಾತು' ಎಂದು ಕನ್ನಡಿಸಬಹುದು. ಅಮೆರಿಕದ ಸಣ್ಣ ಕಥೆಗಾರ ರೇಮಂಡ್ ಕಾರ್ವರರ ಒಂದು ಕಥಾಸಂಗ್ರಹದ ಹೆಸರನ್ನು ಅನುಸರಿಸಿ ಗ್ರಂಥಕರ್ತರು ಇದನ್ನು ಇಟ್ಟಿರುವರು. ಇದು ಪೂರ್ಣವಾದ ಆತ್ಮಚರಿತ್ರೆಯಲ್ಲ, ವ್ಯಾಯಾಮಶಾಸ್ತ್ರವೂ ಅಲ್ಲ. ದಿನಚರಿಯ ಹಾಳೆಗಳನ್ನು ಒಂದೆಡೆ ಹೊಲಿದಂತಿರುವ ಈ ಬರಹದಲ್ಲಿ ಸಡಿಲವಾದ ಭಾಗಗಳು ಬೇಕಾದಷ್ಟಿವೆ. ಹೇಳಿದುದನ್ನೇ ಹೇಳುವ ಚಾಪಲ್ಯವೂ ಉಂಟು. ಆದರೂ ಇದರ ಆರನೆಯ ಅಧ್ಯಾಯವೊಂದಕ್ಕಾಗಿಯೇ ಪುಸ್ತಕವನ್ನು ಕೊಂಡು ಓದಿದರೆ ನಷ್ಟವಿಲ್ಲ.

ಗ್ರಂಥಕರ್ತರು ಹುಟ್ಟಿದುದು 1949ರಲ್ಲಿ. ಟೋಕಿಯೋ ನಗರದಲ್ಲಿ ಜಾಝ್ ಸಂಗೀತದ ಒಂದು ಪಾನಗೃಹವನ್ನು ನಡೆಸುತ್ತಿದ್ದವರು, ಬರವಣಿಗೆಯನ್ನೇ ವೃತ್ತಿಯಾಗಿ ಹಿಡಿಯಬೇಕೆಂದು ಅದನ್ನು ಮಾರಿಬಿಟ್ಟರು. ಕುಳಿತು ಬರೆಯುವವನ ಮೈ ಬೆಳೆಯತೊಡಗಿತು. 1982ರಲ್ಲಿ, 33ನೆಯ ವಯಸ್ಸಿನಲ್ಲಿ, ಓಡಲಾರಂಭಿಸಿದರು. ಮರುವರ್ಷವೇ ಗ್ರೀಸಿನಲ್ಲಿ ಅಥೆನ್ಸಿನಿಂದ ಮ್ಯಾರಥಾನಿನವರೆಗೆ ಬೇಸಗೆಯ ಬಿಸಿಲಿನಲ್ಲಿ ಒಬ್ಬರೇ ಓಡಿದರು. ಆ ಪುರಾಣಪ್ರಸಿದ್ಧ ದಾರಿಯಲ್ಲಿ ಇವರ ಕಣ್ಣಿಗೆ ಬಿದ್ದುದು ಮೋಟಾರುಗಳಿಗೆ ಸಿಕ್ಕಿ ಸತ್ತ ನಾಯಿ ಬೆಕ್ಕುಗಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕುಡಿಯುತ್ತಿದ್ದ ತಣ್ಣನೆಯ ಬಿಯರು ಕೊನೆಗೆ ಕೈಗೆ ಬಂದಾಗ ಕಲ್ಪನೆಯಷ್ಟು ರುಚಿಸಲಿಲ್ಲವೆಂದೂ ಬರೆದಿರುವರು. ವೀರರಸಕ್ಕೆ ತಕ್ಕ ವಸ್ತು ಕೈಯಲ್ಲಿದ್ದಾಗ ವೀರರಸವನ್ನು ಹೀಗೆ ನಿರಾಕರಿಸುವುದೇ ಈ ಲೇಖಕರ ಗುಣ. ಮುಂದಿನ ಅಧ್ಯಾಯದ ಬಲವೂ ಇಲ್ಲಿಂದಲೇ ಬಂದುದು.

1996ರ ಜೂನ್ ತಿಂಗಳಿನಲ್ಲಿ ಹೊಕ್ಕೈಡೋ ದ್ವೀಪದ ಸರೋಮಾ ಸರೋವರದ ಬಳಿ ಇವರು ಓಡಿದುದು 100 ಕಿಲೋಮೀಟರು; ಎಂದರೆ 62 ಮೈಲಿ. ಸಾಧಾರಣ ಮ್ಯಾರಥಾನ್ ಓಟ ಮುಗಿಯುವ 42ನೆಯ ಕಿಲೋಮೀಟರಿನಲ್ಲಿ ಇಲ್ಲಿ ಅರ್ಧ ದಾರಿಯೂ ಸವೆದಿರುವುದಿಲ್ಲ. 55ನೆಯ ಕಿಲೋಮೀಟರಿನಲ್ಲಿ ತುಸು ನಿಂತು ಬಟ್ಟೆ ಬದಲಾಯಿಸಿ, ಊದಿದ ಪಾದಗಳಿಗೆ ಅರ್ಧ ಅಳತೆ ದೊಡ್ಡದಾದ ಜೋಡನ್ನು ಮೆಟ್ಟಿಕೊಂಡು ಹೊರಡುತ್ತಾರೆ. ಅಲ್ಲಿಂದ 75ರವರೆಗಿನ ವರ್ಣನೆಯೇ ಅಧ್ಯಾಯದ ಜೀವ. ತೊಡೆ, ಮಂಡಿ, ಬೆನ್ನು, ಭುಜ ಒಂದೊಂದೂ ಸರದಿಯಂತೆ ಎದ್ದು ನಿಂತು ದೂರು ಹೇಳುತ್ತವೆ. ಫ್ರಾನ್ಸಿನ ಮಹಾಕ್ರಾಂತಿಯ ಸಭೆಯಲ್ಲಿ ಬಂಡೆದ್ದವರನ್ನು ಸಮಾಧಾನಪಡಿಸುವ ದಾಂತನ್, ರೋಬೆಸ್ಪಿಯರರ ಪಾಡಿಗೆ ತಮ್ಮ ಪಾಡನ್ನು ಹೋಲಿಸಿ ಲೇಖಕರು ನಗಿಸುತ್ತಾರೆ. (ಆ ಇಬ್ಬರ ತಲೆಗಳೂ ಕೊನೆಗೆ ಎಲ್ಲಿ ಬಿದ್ದುವೆಂಬುದನ್ನು ಬಲ್ಲ ವಾಚಕನಿಗೆ ಈ ಹಾಸ್ಯದ ಮೊನೆ ಇನ್ನಷ್ಟು ತಾಗೀತು.) ತಾನು ಮನುಷ್ಯನಲ್ಲ, ಯಂತ್ರವೆಂದು ಮನಸ್ಸಿಗೆ ಮತ್ತೆ ಮತ್ತೆ ಹೇಳಿಕೊಳ್ಳುತ್ತ ಮುಂದೆ ಸಾಗುತ್ತಾರೆ. ಸುತ್ತ ಅನೇಕರು ನಡೆಯತೊಡಗಿದ್ದರೂ ಇವರು ನಡೆಯುವುದಿಲ್ಲ. ಓಡುವುದಕ್ಕೆಂದು ಬಂದವನು ಓಡಬೇಕು ಎಂಬುದೊಂದೇ ಸಂಕಲ್ಪ. ಯಾರನ್ನೂ ಸೋಲಿಸುವ ಹಂಬಲ ಅದರಲ್ಲಿಲ್ಲ, ಗಡಿಯಾರದೊಡನೆಯೂ ಪಣವಿಲ್ಲ.

75ರ ಸುಮಾರಿಗೆ, ಕಲ್ಲಿನ ಗೋಡೆಯೊಂದನ್ನು ತೂರಿ ಆಚೆಗೆ ಬಂದಂತೆ, ನೋವು ಹಿಂದೆ ಸರಿಯುತ್ತದೆ. ಸಭೆಯಲ್ಲಿ ಗದ್ದಲವಡಗುತ್ತದೆ. ಬೆಳಗಿನ ಐದು ಗಂಟೆಗೆ ಹೊರಟವರು ಸಂಜೆ 4 ಗಂಟೆ 42 ನಿಮಿಷಕ್ಕೆ ಗುರಿ ಮುಟ್ಟುತ್ತಾರೆ. ಇನ್ನೊಬ್ಬ ಲೇಖಕನಾಗಿದ್ದರೆ ಇಲ್ಲಿಗೆ ಜಯಘೋಷ ಮಾಡಿ ಲೇಖನಿಯನ್ನು ಕೆಳಗಿಡುತ್ತಿದ್ದನು. ಮುರಾಕಾಮಿಯವರು ಮುಂದುವರಿಯುತ್ತಾರೆ. ಅಷ್ಟು ದೂರ ಓಡಿದ ಮೇಲೆ ಓಟದಲ್ಲಿದ್ದ ಹಿಂದಿನ ಅಕ್ಕರೆ ಅವರಲ್ಲಿ ಬತ್ತಿಹೋಯಿತು. ಮನಸ್ಸನ್ನು ಒಂದು ಬಗೆಯ ವಿಷಾದ ಕವಿಯಿತು. ಓಟವನ್ನು ಬಿಡಲಿಲ್ಲ, ಆದರೆ ಅದು ಮೊದಲಿನ ಓಟವಾಗಿ ಉಳಿಯಲಿಲ್ಲ. ಉತ್ಸಾಹ ಮರಳುವುದಕ್ಕೆ ವರ್ಷಗಳೇ ಹಿಡಿದುವು.

ಭಾರತೀಯ ವಾಚಕನಿಗೆ ಇಲ್ಲಿ ಕಾಮ್ಯಕರ್ಮ ನಿತ್ಯಕರ್ಮಗಳ ಭೇದವು ನೆನಪಾಗದಿರದು. ಕಾಮ್ಯಕ್ಕೆ ಫಲವುಂಟು, ಫಲ ಬಂದೊಡನೆ ಅದು ತೀರಿತು. ಸಂಧ್ಯಾವಂದನೆಯಂಥ ನಿತ್ಯಕರ್ಮವಾದರೋ ಬಿಟ್ಟರೆ ದೋಷ. ಮಾಡಿದರೆ ಇಂಥದೇ ಫಲವೆಂದು ಕೈಯೊಡ್ಡುವಂತಿಲ್ಲ. ಸರೋಮಾದ ಓಟವು ಕಾಮ್ಯವ್ರತ. ಅದು ಕೈಗೂಡಿದುದೇ ಬಯಕೆಯ ಬೇರನ್ನು ಕಡಿಯಿತು. ಈ ಮನುಷ್ಯನನ್ನು ಮತ್ತೆ ಎತ್ತಿ ನಿಲ್ಲಿಸಿದುದು ಪ್ರತಿದಿನದ ಹೆಸರಿಲ್ಲದ ಓಟ, ಪ್ರತಿದಿನದ ಹೆಸರಿಲ್ಲದ ಬರವಣಿಗೆ. ಲೇಖಕರು ಈ ಮಾತನ್ನು ಬಾಯಿಬಿಟ್ಟು ಹೇಳಿಲ್ಲ. ನ್ಯೂಯಾರ್ಕಿನ ಮ್ಯಾರಥಾನಿಗಾಗಿ 2005ರಲ್ಲಿ ನಡೆಸಿದ ಸಿದ್ಧತೆಯ ವಿವರಗಳನ್ನು ತಾಳ್ಮೆಯಿಂದ ಓದಿದವರಿಗೆ ಅದು ತಾನಾಗಿ ತೋರುತ್ತದೆ. ಸಪ್ಪೆಯೆಂದು ಹಲವರು ದಾಟಿಹೋಗುವ ಪುಟಗಳು ಇವೇ. ಛಲವನ್ನು ಹೊಗಳುವ ಗ್ರಂಥಗಳು ಲೋಕದಲ್ಲಿ ಹೇರಳ; ಛಲ ಸಾಧಿಸಿದ ಮರುದಿನದ ಶೂನ್ಯವನ್ನು ಇಷ್ಟು ಶಾಂತವಾಗಿ ಬರೆದವು ಅಪರೂಪ.

ಒಪ್ಪಲಾಗದ ಮಾತೂ ಒಂದುಂಟು. ಕಾದಂಬರಿಕಾರನಿಗೆ ಪ್ರತಿಭೆ, ಏಕಾಗ್ರತೆ, ಸಹನಶಕ್ತಿ ಎಂಬ ಮೂರು ಬೇಕೆಂದು ಹೇಳಿ, ಕೊನೆಯ ಎರಡನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದೆನ್ನುತ್ತಾರೆ. ಇಲ್ಲಿಯವರೆಗೆ ಸರಿಯೇ. ಆದರೆ ಬರವಣಿಗೆ ಒಳಗಿನ ವಿಷವನ್ನು ಮೇಲಕ್ಕೆಳೆಯುತ್ತದೆ, ಅದನ್ನು ತಾಳಲು ದೃಢಕಾಯ ಬೇಕು ಎಂಬ ವಾದವು ಸ್ವಂತ ಅನುಭವದ ಮೇರೆಯನ್ನು ಮೀರಲೆಳಸುತ್ತದೆ. ಕ್ಷಯರೋಗದಿಂದ 25ನೆಯ ವಯಸ್ಸಿನಲ್ಲಿ ತೀರಿಕೊಂಡ ಕೀಟ್ಸನೂ, 44ರಲ್ಲಿ ತೀರಿಕೊಂಡ ಚೆಕಾಫನೂ ಯಾವ ಕಾಯಬಲದಿಂದ ಬರೆದರು? ಬೇರೆ ಬಗೆಯ ಲೇಖಕರೂ ಇದ್ದಾರೆಂದು ಗ್ರಂಥಕರ್ತರು ಒಪ್ಪುತ್ತಾರೆ, ನಿಜ. ಒಪ್ಪಿದ ಮೇಲೆಯೂ ವಾದದ ಧಾಟಿಯನ್ನು ತಗ್ಗಿಸಿಲ್ಲ.

ಗದ್ಯವು ತೀರ ಸರಳ. ಅಲಂಕಾರಗಳು ವಿರಳ, ಬಂದವುಗಳಲ್ಲಿ ನಗೆ ಬೆರೆತಿದೆ. ಗ್ರಂಥದ ಕೊನೆಯಲ್ಲಿ ತಮ್ಮ ಸಮಾಧಿಯ ಕಲ್ಲಿನ ಮೇಲೆ ಏನನ್ನು ಕೆತ್ತಬೇಕೆಂದು ಸೂಚಿಸುತ್ತ, ತಾವು ಲೇಖಕನೆಂಬುದನ್ನು ಬರೆದು, ಓಟಗಾರನೆಂಬುದನ್ನು ಆವರಣಚಿಹ್ನೆಯೊಳಗೆ ಇಟ್ಟಿರುವರು. ಅದರ ಕೆಳಗೆ ಬಯಸಿರುವ ಮಾತಿನಲ್ಲಿ ಗೆಲುವಿನ ಸುದ್ದಿಯಿಲ್ಲ, ಕಡೆಯವರೆಗೆ ನಡೆಯಲಿಲ್ಲವೆಂಬುದಷ್ಟೇ ಇದೆ.