ಓದಲಾಗದ ತಪ್ಪು ಯಾರದು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವುದೇ ಕಚೇರಿಯ ಸೂಚನಾ ಫಲಕದ ಮುಂದೆ ನಿಂತರೆ ಒಂದು ಮಾತು ಕಿವಿಗೆ ಬೀಳುತ್ತದೆ: 'ಹ್ವಾಯ್, ಇದ್ರಗೆ ಎಂತ ಬರ್ದಿತ್ ಕಾಣಿ.' ಹೀಗೆ ಕೇಳುವವರೆಲ್ಲ ಅನಕ್ಷರಸ್ಥರಲ್ಲ. ಅವರಲ್ಲಿ ಡಿಸ್ಲೆಕ್ಸಿಯಾ ಇರುವವರೂ ಇರಬಹುದು. ಅದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ಬುದ್ಧಿ ಚುರುಕಾಗಿದ್ದರೂ ಅಕ್ಷರವನ್ನು ಧ್ವನಿಯೊಂದಿಗೆ ಜೋಡಿಸುವುದು ಅವರಿಗೆ ಕಷ್ಟ.

2007ರಲ್ಲಿ 'ತಾರೇ ಜಮೀನ್ ಪರ್' ನೋಡಿ ನಾವೆಲ್ಲ ಕಣ್ಣೊರೆಸಿಕೊಂಡೆವು. 1995ರ ಕಾನೂನಿನಲ್ಲಿ ಜಾಗವಿಲ್ಲದ ಈ ಕಲಿಕಾ ನ್ಯೂನತೆಯನ್ನು 2016ರ ಕಾಯ್ದೆ 21 ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಕಣ್ಣೀರೂ ಬಂತು, ಕಾನೂನೂ ಬಂತು. ನಮ್ಮ ಬರವಣಿಗೆ ಮಾತ್ರ ಹಾಗೆಯೇ ಉಳಿಯಿತು.

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಧಾಟಿ ಇದು: 'ಉಲ್ಲೇಖಿತ ಸುತ್ತೋಲೆಯನ್ವಯ ಅರ್ಹ ಫಲಾನುಭವಿಗಳು ಅಗತ್ಯ ದಾಖಲಾತಿಗಳೊಂದಿಗೆ ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸತಕ್ಕದ್ದು.' ಇದನ್ನೇ ಹೀಗೆ ಬರೆದರೆ ಏನು ನಷ್ಟ? 'ವಿದ್ಯಾರ್ಥಿವೇತನ ಬೇಕೇ? 20ನೇ ತಾರೀಕಿನೊಳಗೆ ಅರ್ಜಿ ಕೊಡಿ. ಆಧಾರ್, ಅಂಕಪಟ್ಟಿ, ಆದಾಯ ಪತ್ರ ತನ್ನಿ.' ಮೊದಲನೆಯದು ಕಚೇರಿಯ ಗತ್ತನ್ನು ಕಾಪಾಡುತ್ತದೆ, ಎರಡನೆಯದು ಮಗುವಿನ ವಿದ್ಯಾರ್ಥಿವೇತನವನ್ನು. ಬ್ರಹ್ಮಾವರ, ಬೈಂದೂರು ತಾಲೂಕುಗಳಾದ ಮೇಲೆ ಕಚೇರಿಗಳು ಜನರಿಗೆ ಹತ್ತಿರ ಬಂದವು. ಕಾಗದಗಳು ಇನ್ನೂ ಬಂದಿಲ್ಲ.

ಕನ್ನಡ ಲಿಪಿಯಲ್ಲೂ ತೊಡಕುಗಳಿವೆ. ದ-ಧಗಳ ನಡುವೆ ಒಂದು ಸಣ್ಣ ಗೆರೆಯಷ್ಟೇ ಅಂತರ. 'ಕರ್ನಾಟಕ' ಎಂಬ ಹೆಸರಲ್ಲೇ ಮೊದಲು ಉಚ್ಚರಿಸುವ ರಕಾರವನ್ನು ನಕಾರದ ನಂತರ ಬರೆಯುತ್ತೇವೆ. ಮಾತಿನಲ್ಲಿ ಬಹುಜನ ಉಚ್ಚರಿಸದ ಮಹಾಪ್ರಾಣಗಳು ಬರಹದಲ್ಲೇಕೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕೇಳಿದಾಗ ಅನೇಕರು ಸಿಟ್ಟಾದರು. ಅವರ ಪರಿಹಾರವನ್ನು ಒಪ್ಪದವರೂ ಆ ಪ್ರಶ್ನೆಯ ಹಿಂದಿದ್ದ ಕಾಳಜಿಯನ್ನು ಅಲ್ಲಗಳೆಯಲಾಗದು.

ನಮ್ಮ ಕರಾವಳಿಯ ಮುಸ್ಲಿಮ್ ಮಗುವಿನ ಹೊರೆ ಇನ್ನೂ ದೊಡ್ಡದು. ಮನೆಯಲ್ಲಿ ಬ್ಯಾರಿ, ನವಾಯತಿ ಅಥವಾ ಉರ್ದು. ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದುವ ಅರಬಿ. ಶಾಲೆಯಲ್ಲಿ ಎಡದಿಂದ ಬಲಕ್ಕೆ ಕನ್ನಡ, ಇಂಗ್ಲಿಷ್. ಕೇಳಿಯೇ ಸೂರಾಗಳನ್ನು ಕಂಠಪಾಠ ಮಾಡುವ ಮಗು ಪುಟದ ಮುಂದೆ ತಡವರಿಸಿದರೆ ಬೆತ್ತ ಎತ್ತುವುದೇ? ಓದುವ ಆಜ್ಞೆಯೊಂದಿಗೆ ಅವತೀರ್ಣವಾಗತೊಡಗಿದ ಗ್ರಂಥವನ್ನು ಅಕ್ಷರ ಕಲಿಯದ ಪ್ರವಾದಿ(ಸ)ಯವರಿಂದ ಜನರು ಕೇಳಿಯೇ ಕಲಿತರೆಂಬುದನ್ನು ನಾವು ಮರೆಯಬಾರದು.

ಪರಿಹಾರ ದುಬಾರಿಯಲ್ಲ. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಶನ್ ಹೇಳುವುದಿಷ್ಟು: 12ರಿಂದ 14 ಅಳತೆಯ ಸರಳ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ, ಚಿಕ್ಕ ವಾಕ್ಯ, ತಿಳಿಹಳದಿಯಂಥ ಮೃದು ಬಣ್ಣದ ಕಾಗದ. ಎರಡೂ ಅಂಚು ಸಮನಾಗುವಂತೆ ಪದಗಳನ್ನು ಎಳೆದು ಜೋಡಿಸಬಾರದು. ಒತ್ತಕ್ಷರಗಳು ಕೆಳಗಿಳಿಯುವ ಕನ್ನಡಕ್ಕಂತೂ ಸಾಲುಗಳ ನಡುವೆ ಜಾಗ ಬೇಕೇ ಬೇಕು.

ಈ ಟೀಕೆ ಕಚೇರಿಗಳಿಗೆ ಮಾತ್ರವಲ್ಲ. ಜಮಾಅತ್‌ಗಳ ನೋಟೀಸು, ಮದುವೆಯ ಕರೆಯೋಲೆ, ನಮ್ಮಂಥ ಪತ್ರಿಕೆಗಳ ಒತ್ತೊತ್ತಾದ ಪುಟಗಳು ಇದರಿಂದ ಹೊರತಲ್ಲ. ಓದಲಾಗದವನನ್ನು ದೂರುವ ಮುನ್ನ, ಬರೆದ ನಾವು ನಮ್ಮ ಬರಹವನ್ನೊಮ್ಮೆ ಅವನ ಕಣ್ಣಿನಿಂದ ಓದಿ ನೋಡಬೇಕು.