ಹೊಸ ಓದುಗನ ಕಥಾಪುಸ್ತಕ: ಬೆಂಗಳೂರು ದಂಡಿನ ಮಕ್ಕಳನ್ನು ಕುರಿತು ಒಂದು ವಿವೇಚನೆ

೧

ಅಕ್ಷರ ಕಲಿತ ಮಗು ಓದುಗನಾಗುವುದು ಯಾವಾಗ? ಈ ಪ್ರಶ್ನೆಯನ್ನು ಶಿಕ್ಷಣಶಾಸ್ತ್ರಕ್ಕೆ ಒಪ್ಪಿಸಿ ನಮ್ಮ ಸಾಹಿತ್ಯ ವಿಮರ್ಶೆ ಬಹುಕಾಲದಿಂದ ನಿಶ್ಚಿಂತವಾಗಿದೆ. ಆದರೆ ಇದು ವಿಮರ್ಶೆಗೂ ಸಲ್ಲುವ ಪ್ರಶ್ನೆ. ಚಿತ್ರಗಳ ನೆರವಿನಿಂದ ಹತ್ತಾರು ವಾಕ್ಯಗಳನ್ನು ಓದಬಲ್ಲ ಏಳು ವರ್ಷದ ಮಗುವಿಗೂ, ಇನ್ನೂರು ಪುಟಗಳ ಕಾದಂಬರಿಯನ್ನು ಹಿಡಿದು ಕೂರುವ ಹನ್ನೆರಡು ವರ್ಷದ ಓದುಗನಿಗೂ ನಡುವೆ ನಾಲ್ಕೈದು ವರ್ಷಗಳ ಹಾದಿಯಿದೆ. ಆ ಹಾದಿಯನ್ನು ನಡೆಸುವುದಕ್ಕೆ ಒಂದು ವಿಶಿಷ್ಟ ಬಗೆಯ ಪುಸ್ತಕ ಬೇಕು. ಅದು ತೆಳುವಾಗಿರಬೇಕು, ಆದರೆ ಒಂದೇ ಕುಳಿತದಲ್ಲಿ ಮುಗಿಯಬಾರದು. ಒಂದೊಂದು ಅಧ್ಯಾಯವೂ ತನ್ನಷ್ಟಕ್ಕೆ ತಾನು ಪೂರ್ಣವಾಗಿರಬೇಕು. ಆದರೂ ನಾಳೆ ಮತ್ತೆ ಪುಸ್ತಕವನ್ನು ತೆರೆಯುವಂತೆ ಮಾಡಬೇಕು. ನೆನ್ನೆ ಓದಿದ್ದನ್ನು ನೆನಪಿಟ್ಟುಕೊಂಡು ಇಂದು ಮುಂದುವರಿಯುವುದೇ ಓದುಗನ ಮೊದಲ ಸ್ವಾತಂತ್ರ್ಯ.

ಇಂಗ್ಲಿಷಿನಲ್ಲಿ ಇಂಥ ಪುಸ್ತಕಗಳಿಗೆ ಪ್ರತ್ಯೇಕವಾದ ಸ್ಥಾನವಿದೆ. ಅಮೆರಿಕದಲ್ಲಿ ೧೯೫೭ರಲ್ಲಿ ಎಲ್ಸ್ ಮಿನಾರಿಕ್ ಬರೆದು ಮಾರಿಸ್ ಸೆಂಡಾಕ್ ಚಿತ್ರಿಸಿದ ‘ಲಿಟ್ಲ್ ಬೇರ್’, ೧೯೭೦ರಲ್ಲಿ ಬಂದ ಆರ್ನಾಲ್ಡ್ ಲೋಬೆಲನ ‘ಫ್ರಾಗ್ ಅಂಡ್ ಟೋಡ್ ಆರ್ ಫ್ರೆಂಡ್ಸ್’ ಇವು ಈ ದಾರಿಯ ಮೊದಲ ಮೆಟ್ಟಿಲುಗಳು. ಲೋಬೆಲನ ಪುಸ್ತಕದಲ್ಲಿ ಐದು ಪುಟ್ಟ ಕಥೆಗಳಿವೆ. ಐದರಲ್ಲೂ ಅದೇ ಇಬ್ಬರು ಗೆಳೆಯರು. ಅತಿ ಸರಳವಾದ ಮಾತುಗಳಲ್ಲಿ ಎರಡು ಭಿನ್ನ ಸ್ವಭಾವಗಳು ಅಲ್ಲಿ ಸ್ಪಷ್ಟವಾಗಿ ಮೂಡಿವೆ. ಸರಳತೆ ಎಂದರೆ ಬಡತನವಲ್ಲ ಎಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಈ ಪ್ರಕಾರ ಕನ್ನಡದಲ್ಲಿ ಎಷ್ಟರಮಟ್ಟಿಗೆ ಬೆಳೆದಿದೆ, ಅದು ಯಾವ ಮಕ್ಕಳನ್ನು ಒಳಗೊಂಡಿದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಚಾರಕ್ಕೆ ಒಂದು ನೆಲೆ ಬೇಕಾದ್ದರಿಂದ ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವಕ್ಕೆ ಹಬ್ಬಿದ ಬಡಾವಣೆಗಳನ್ನೂ ಎದುರಿಗಿಟ್ಟುಕೊಂಡಿದೆ. ೧೮೦೯ರಲ್ಲಿ ಹಲಸೂರಿನ ಬಳಿ ಬ್ರಿಟಿಷ್ ಸೇನೆ ನೆಲೆಗೊಂಡಾಗ ಹುಟ್ಟಿದ ದಂಡು, ೧೯೪೯ರಲ್ಲಿ ಪೇಟೆಯೊಡನೆ ಒಂದೇ ಪೌರಾಡಳಿತಕ್ಕೆ ಸೇರುವವರೆಗೆ ಬೇರೆಯೇ ಒಂದು ಊರಾಗಿತ್ತು. ಶಿವಾಜಿನಗರದ ಉರ್ದು ಮತ್ತು ತಮಿಳು, ಹಲಸೂರಿನ ತಮಿಳು ಮತ್ತು ತೆಲುಗು, ೧೯೪೦ರ ವಿಮಾನ ಕಾರ್ಖಾನೆಯೂ ೧೯೪೮ರ ದೂರವಾಣಿ ಕಾರ್ಖಾನೆಯೂ ಪೂರ್ವದ ಕಡೆಗೆ ಕರೆತಂದ ನಾನಾ ಭಾಷೆಗಳ ಕೆಲಸಗಾರರು, ಇಂದಿರಾನಗರದ ಇಂಗ್ಲಿಷ್ ಮನೆಗಳು, ಕೃಷ್ಣರಾಜಪುರದ ಆಸುಪಾಸಿನಲ್ಲಿ ಕಟ್ಟಡದ ಕೆಲಸಕ್ಕಾಗಿ ರಾಯಚೂರು ಯಾದಗಿರಿಗಳಿಂದ ಬಂದು ನಿಂತ ಕುಟುಂಬಗಳು: ಇವೆಲ್ಲವೂ ಇಲ್ಲಿ ಕೆಲವೇ ಮೈಲಿಗಳ ಒಳಗೆ ಸೇರಿವೆ. ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಇಂಥ ಮಕ್ಕಳೆಲ್ಲರಿಗೂ ಶಾಲೆಯಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿತು. ಕಾಯಿದೆ ಅಕ್ಷರವನ್ನು ಕಲಿಸಬಲ್ಲುದು. ಓದುವ ಆಸೆಯನ್ನು ಹುಟ್ಟಿಸುವುದು ಪುಸ್ತಕದ ಕೆಲಸ. ಪರೀಕ್ಷೆ ಮುಗಿದ ಮರುದಿನವೂ ಈ ಮಗು ಕನ್ನಡವನ್ನು ಕೈಗೆತ್ತಿಕೊಳ್ಳುವುದೆ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ.

೨

ಕನ್ನಡದ ಮಕ್ಕಳ ಸಾಹಿತ್ಯ ಬಡವಾದುದೆಂದು ಯಾರೂ ಹೇಳಲಾರರು. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಹಾಕಿಕೊಟ್ಟ ಹಾದಿ, ಹೊಯ್ಸಳ ಮತ್ತು ರಾಜರತ್ನಂ ಅವರ ಶಿಶುಗೀತೆಗಳು, ಬ್ರೌನಿಂಗ್ ಕವಿಯ ಹ್ಯಾಮೆಲಿನ್ ಪಟ್ಟಣವನ್ನು ತುಂಗೆಯ ದಡದ ಬೊಮ್ಮನಹಳ್ಳಿಯಾಗಿಸಿದ ಕುವೆಂಪು ಅವರ ‘ಕಿಂದರಿಜೋಗಿ’ ಇವು ಯಾವ ಭಾಷೆಯಾದರೂ ಹೆಮ್ಮೆಪಡಬಹುದಾದ ಸಂಪತ್ತು. ಇನ್ನೊಂದು ಕಡೆ ಕಾರಂತರ ‘ಬಾಲ ಪ್ರಪಂಚ’, ನಿರಂಜನರು ಸಂಪಾದಿಸಿದ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಇವು ಅರಿವಿನ ಭಂಡಾರಗಳು. ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲೆಯ ಕಿರುಹೊತ್ತಗೆಗಳು ಐನೂರನ್ನು ಮೀರಿದವು. ತೆಳುವಾದ, ಅಗ್ಗದ ಪುಸ್ತಕವನ್ನು ಮಕ್ಕಳು ಕೊಂಡು ಓದುತ್ತಾರೆಂಬುದನ್ನು ಅವು ಸ್ಥಾಪಿಸಿದವು. ಆದರೆ ಅವುಗಳ ವಸ್ತು ಬಹುಮಟ್ಟಿಗೆ ಮಹನೀಯರ ಚರಿತ್ರೆ. ಮಹನೀಯನಲ್ಲದ, ಇನ್ನೂ ಏನೂ ಆಗಿರದ, ತರಗತಿಯ ಮೂರನೆಯ ಸಾಲಿನಲ್ಲಿ ಕುಳಿತ ಹುಡುಗಿಯ ಕಥೆ ಅಲ್ಲಿ ಸಿಕ್ಕದು.

ಹೀಗೆ ಒಂದು ತುದಿಯಲ್ಲಿ ಹಾಡು, ಇನ್ನೊಂದು ತುದಿಯಲ್ಲಿ ಕೋಶ ಮತ್ತು ಚರಿತ್ರೆ. ನಡುವಿನ ಮೆಟ್ಟಿಲು ಸವಕಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ಆಶಾದಾಯಕವಾದ ಚಲನೆಗಳು ಇಲ್ಲದಿಲ್ಲ. ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ೨೦೨೦ರಲ್ಲಿ ಎಚ್. ಎಸ್. ಬ್ಯಾಕೋಡರ ‘ನಾನೂ ಅಂಬೇಡ್ಕರ್’ ಕೃತಿಗೂ ೨೦೨೧ರಲ್ಲಿ ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’ ಕೃತಿಗೂ ಸಂದಿತು. ಮಕ್ಕಳ ಕಾದಂಬರಿ ಉತ್ತರ ಕರ್ನಾಟಕದ ಲೇಖಕರ ಕೈಯಲ್ಲಿ ಗಟ್ಟಿಯಾಗುತ್ತಿದೆಯೆಂಬುದಕ್ಕೆ ಇದು ಸಾಕ್ಷಿ. ಆದರೆ ಕಾದಂಬರಿಯನ್ನು ಹಿಡಿಯುವ ಮುನ್ನ ಕೈ ಪಳಗಬೇಕು. ಅದಕ್ಕೆ ಬೆಂಗಳೂರಿನಲ್ಲಿಯೇ ೨೦೦೪ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಮಾಡಿದ ಕೆಲಸವನ್ನು ಇಲ್ಲಿ ನೆನೆಯಬೇಕು. ಕೂದಲು ಬೆಳೆಸಿಕೊಂಡು ಅವಸ್ಥೆಪಡುವ ಅದರ ಶೃಂಗೇರಿ ಶ್ರೀನಿವಾಸ ಯಾರಿಗೂ ಉಪದೇಶ ಮಾಡುವುದಿಲ್ಲ. ನಗಿಸುತ್ತಾನೆ, ಮುಂದಿನ ಪುಟಕ್ಕೆ ಎಳೆದೊಯ್ಯುತ್ತಾನೆ. ೨೦೧೫ರಲ್ಲಿ ಆ ಸಂಸ್ಥೆ ತೆರೆದ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ಭಂಡಾರದಲ್ಲಿ ಕಥೆಗಳು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಲ್ಪಟ್ಟಿವೆ. ಯಾರು ಬೇಕಾದರೂ ಹಣ ತೆರದೆ ಓದಬಹುದು, ಅಚ್ಚು ಹಾಕಿಸಬಹುದು, ತಮ್ಮ ಭಾಷೆಗೆ ತಂದುಕೊಳ್ಳಬಹುದು.

೩

ಪುಸ್ತಕಗಳಲ್ಲಿ ವೈವಿಧ್ಯ ಬೇಕೆಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಆದರೆ ವೈವಿಧ್ಯವೆಂದರೇನು? ಅಮೆರಿಕದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ ೧೯೯೦ರಲ್ಲಿ ಮಕ್ಕಳ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಸರಿಸಿ ಒಳಹೋಗಬಹುದಾದ ಗಾಜಿನ ಬಾಗಿಲಿಗೂ ಹೋಲಿಸಿದರು. ತನ್ನನ್ನು ತಾನು ಕಾಣುವುದು ಕನ್ನಡಿ. ಇತರರ ಬಾಳನ್ನು ಕಾಣುವುದು ಕಿಟಕಿ. ಆ ಬಾಳನ್ನು ಹೊಕ್ಕು ಬರುವುದು ಬಾಗಿಲು. ಈ ಹೋಲಿಕೆ ನಮಗೂ ಉಪಯುಕ್ತ. ದಂಡಿನ ಉರ್ದು ಮನೆಯ ಮಗುವಿಗೆ ಕನ್ನಡ ಕಥಾಪುಸ್ತಕ ಬಹುಪಾಲು ಕಿಟಕಿಯೇ ಆಗಿದೆ, ಕನ್ನಡಿಯಾದದ್ದು ವಿರಳ. ಹಳ್ಳಿಯ ಅಜ್ಜಿ, ತೋಟ, ಹೊಳೆ, ಜಾತ್ರೆ ಇವು ಚೆಲುವಾದ ವಸ್ತುಗಳೇ. ಆದರೆ ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬೆಳೆದ ಮಗು, ಕನ್ನಡದ ಪುಟದಲ್ಲಿ ತನ್ನ ಓಣಿಯನ್ನು ಒಮ್ಮೆಯೂ ಕಾಣದೆ ಹೋದರೆ, ಈ ಭಾಷೆ ಬೇರೆಯವರದು ಎಂದು ತೀರ್ಮಾನಿಸುವುದು ಸಹಜ.

ಈ ಕೊರತೆಗೆ ನಮ್ಮಲ್ಲಿ ರೂಢಿಯಾದ ಪರಿಹಾರವೊಂದಿದೆ. ರಾಮ, ರಹೀಮ, ರಾಬರ್ಟ್ ಎಂಬ ಮೂವರು ಗೆಳೆಯರು, ಮೂರು ಹಬ್ಬಗಳು, ಕೊನೆಯಲ್ಲಿ ಐಕ್ಯದ ಪಾಠ. ಉದ್ದೇಶ ಒಳ್ಳೆಯದು, ಕಥೆ ಮಾತ್ರ ಹುಟ್ಟುವುದಿಲ್ಲ. ರಹೀಮ ಅಲ್ಲಿ ರಹೀಮನಾಗಿ ಬಂದಿಲ್ಲ, ಒಂದು ಸಮುದಾಯದ ಪ್ರತಿನಿಧಿಯಾಗಿ ಬಂದಿದ್ದಾನೆ. ಅವನು ಸುಳ್ಳು ಹೇಳಲಾರ, ಜಗಳವಾಡಲಾರ, ಗಣಿತದಲ್ಲಿ ಸೊನ್ನೆ ತೆಗೆದುಕೊಳ್ಳಲಾರ. ತಪ್ಪು ಮಾಡುವ ಹಕ್ಕಿಲ್ಲದ ಪಾತ್ರಕ್ಕೆ ಜೀವ ಬರುವುದು ಹೇಗೆ?

ಇದಕ್ಕೆ ಪ್ರತಿಯಾಗಿ ಜಪಾನಿನ ತೆತ್ಸುಕೊ ಕುರೋಯಾನಾಗಿ ಅವರ ‘ತೊತ್ತೋ-ಚಾನ್’ ಕೃತಿಯನ್ನು ನೋಡಬಹುದು. ೧೯೮೧ರಲ್ಲಿ ಪ್ರಕಟವಾದ ಈ ಪುಸ್ತಕ ನ್ಯಾಷನಲ್ ಬುಕ್ ಟ್ರಸ್ಟಿನ ಮೂಲಕ ಕನ್ನಡಕ್ಕೂ ಬಂದಿದೆ. ಎರಡು ಮೂರು ಪುಟಗಳ ಅಧ್ಯಾಯ; ಅಧ್ಯಾಯಕ್ಕೊಂದು ಪ್ರಸಂಗ. ರೈಲುಗಾಡಿಯ ಡಬ್ಬಿಗಳೇ ತರಗತಿಗಳಾದ ಶಾಲೆಯಲ್ಲಿ ಪೋಲಿಯೊದಿಂದ ಕೈಕಾಲು ಸೋತ ಯಾಸುವಾಕಿ ಎಂಬ ಹುಡುಗನಿದ್ದಾನೆ. ಅವನನ್ನು ತನ್ನ ಮರಕ್ಕೆ ಹತ್ತಿಸಬೇಕೆಂದು ತೊತ್ತೋ-ಚಾನ್ ಹಿರಿಯರಿಗೆ ತಿಳಿಯದಂತೆ ಏಣಿ ಎಳೆದು ತರುತ್ತಾಳೆ. ಬೆವರು ಸುರಿಸಿ ಹೇಗೋ ಮೇಲೆಳೆದುಕೊಳ್ಳುತ್ತಾಳೆ. ಅಂಗವಿಕಲರಲ್ಲಿ ದಯೆ ಇರಬೇಕೆಂಬ ಮಾತು ಎಲ್ಲಿಯೂ ಇಲ್ಲ; ಇರುವುದು ಮರ, ಏಣಿ, ಇಬ್ಬರು ಮಕ್ಕಳ ಹಟ. ಇನ್ನೊಂದು ಅಧ್ಯಾಯದಲ್ಲಿ ಮಸಾವೊ ಎಂಬ ಕೊರಿಯದ ಹುಡುಗ ತೊತ್ತೋ-ಚಾನಳನ್ನು ನೋಡಿ ದ್ವೇಷದಿಂದ ‘ಕೊರಿಯದವಳು’ ಎಂದು ಕೂಗುತ್ತಾನೆ. ತನ್ನನ್ನು ಎಲ್ಲರೂ ಹಾಗೆ ಕೂಗುವುದರಿಂದ ಅದೊಂದು ಬೈಗುಳವೆಂದೇ ಅವನು ತಿಳಿದಿದ್ದಾನೆ. ತಾಯಿ ಇದನ್ನು ಅರಿತು ಕಣ್ಣೀರಿಡುತ್ತಾಳೆ. ಒಂದು ಜನಾಂಗಕ್ಕೆ ಆದ ಅವಮಾನವನ್ನು ಹೊಸ ಓದುಗನಿಗೆ ಮುಟ್ಟುವ ಹಾಗೆ, ಒಂದು ಶಬ್ದದ ಸುತ್ತ, ಇಷ್ಟು ಮಿತವಾಗಿ ಹೇಳಿದ ಬರಹ ಅಪೂರ್ವ. ತನ್ನ ಜಾತಿಯ ಹೆಸರನ್ನೋ ಭಾಷೆಯ ಹೆಸರನ್ನೋ ಬೈಗುಳವಾಗಿ ಕೇಳಿಸಿಕೊಂಡ ನಮ್ಮ ಮಗುವಿಗೆ ಇದು ಟೋಕಿಯೋದ ಕಥೆಯೆಂದು ತೋರುವುದಿಲ್ಲ.

ನಮ್ಮ ನಾಡಿನಲ್ಲಿಯೇ ಇಂಗ್ಲಿಷಿನಲ್ಲಿ ಇಂಥ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಲೇಖಕಿ ಜೈನಬ್ ಸುಲೇಮಾನರ ‘ಸಿಂಪ್ಲಿ ನಂಜು’ (೨೦೧೬) ಬೆನ್ನುಹುರಿಯ ದೋಷದೊಡನೆ ಹುಟ್ಟಿದ ಹತ್ತು ವರ್ಷದ ನಂಜುವಿನ ಕಥೆ. ಅವನ ನಡಿಗೆ ಬೇರೆ ಬಗೆಯದು. ಆದರೆ ಅವನ ಕಷ್ಟ ಅದಲ್ಲ. ತರಗತಿಯಲ್ಲಿ ಪುಸ್ತಕಗಳು ಕಳುವಾಗುತ್ತಿವೆ, ಅನುಮಾನ ತನ್ನ ಮೇಲಿದೆ, ಅಪ್ಪ ಹಾಸ್ಟೆಲಿಗೆ ಕಳುಹಿಸಿಬಿಟ್ಟಾರೆಂಬ ಭಯವಿದೆ. ಕಳ್ಳನನ್ನು ಹಿಡಿಯುವ ಕುತೂಹಲದಲ್ಲಿ ಓದುಗ ನಂಜುವಿನ ನಡಿಗೆಯನ್ನು ಮರೆಯುತ್ತಾನೆ. ಮರೆಯುವಂತೆ ಮಾಡಿದ್ದೇ ಕೃತಿಯ ಗೆಲವು. ನಂಜು ಎಂಬ ಹೆಸರಿನ ಹುಡುಗನ ಈ ಕಥೆ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿತೆಂಬುದು ಕನ್ನಡದ ಲೇಖಕರು ಯೋಚಿಸಬೇಕಾದ ಸಂಗತಿ. ನೆರೆಯ ಹೈದರಾಬಾದಿನ ಅನ್ವೇಷಿ ಸಂಸ್ಥೆ ೨೦೦೮ರಲ್ಲಿ ದಲಿತ ಮತ್ತು ಮುಸ್ಲಿಂ ಬಾಲ್ಯಗಳ ಕಥಾಮಾಲೆಯೊಂದನ್ನು ತೆಲುಗು, ಮಲಯಾಳ, ಇಂಗ್ಲಿಷುಗಳಲ್ಲಿ ತಂದಿತು. ಕನ್ನಡದ ದೊಡ್ಡವರ ಕಥಾಸಾಹಿತ್ಯದಲ್ಲಿ ಬೊಳುವಾರು, ಸಾರಾ ಅಬೂಬಕ್ಕರ್, ದೇವನೂರ ಮಹಾದೇವ ಮೊದಲಾದವರು ಈ ಲೋಕಗಳನ್ನು ತೆರೆದು ದಶಕಗಳೇ ಕಳೆದಿವೆ. ಆ ಬೆಳಕು ಮಕ್ಕಳ ಪುಸ್ತಕದ ಕಡೆಗೆ ತಿರುಗಿರುವುದು ಕಡಿಮೆ.

೪

ವೈವಿಧ್ಯದ ವಿಚಾರದಲ್ಲಿ ಹೆಸರು ವೇಷಗಳಿಗಿಂತ ಮುಖ್ಯವಾದುದು ಪುಟದ ಮೇಲಿನ ಭಾಷೆ. ನಮ್ಮ ವಿಮರ್ಶೆ ಇದನ್ನು ಸಾಕಷ್ಟು ಗಮನಿಸಿಲ್ಲ.

ಕನ್ನಡ ಅಂಟುಭಾಷೆ. ‘ಬಂದಿರಬೇಕಾಗಿತ್ತೆಂದು’ ಎಂಬ ಒಂದು ಪದದಲ್ಲಿ ಬೇರೆ ಭಾಷೆಗಳ ಒಂದು ವಾಕ್ಯವೇ ಅಡಗಿದೆ. ಸಂಧಿಯಿಂದ ಬೆಳೆದ ಪದ, ಅದರೊಳಗಿನ ಒತ್ತಕ್ಷರಗಳು, ಸಂಸ್ಕೃತ ಸಮಾಸಗಳು ಈ ಮೂರೂ ಒಂದೇ ಸಾಲಿನಲ್ಲಿ ಕೂಡಿದರೆ ಮನೆಯಲ್ಲಿ ಕನ್ನಡವಾಡುವ ಮಗುವೇ ತಡವರಿಸುತ್ತದೆ. ಮನೆಯಲ್ಲಿ ತಮಿಳೋ ಉರ್ದುವೋ ಆಡುವ ಮಗುವಿನ ಪಾಡನ್ನು ಹೇಳಬೇಕಾಗಿಲ್ಲ. ಎರಡನೆಯದಾಗಿ, ದಂಡಿನ ಮಗು ಕನ್ನಡವನ್ನು ಕಿವಿಯಿಂದ ಕಲಿತಿದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಟದ ಬಯಲಿನಲ್ಲಿ. ಅದಕ್ಕೆ ಗೊತ್ತಿರುವುದು ‘ಮಾಡ್ತಾನೆ’, ಪುಸ್ತಕದಲ್ಲಿರುವುದು ‘ಮಾಡುತ್ತಾನೆ’. ನಿರೂಪಣೆ ಗ್ರಂಥರೂಪದಲ್ಲಿದ್ದು ಸಂಭಾಷಣೆ ಆಡುಮಾತಿನಲ್ಲಿದ್ದರೆ, ಕಿವಿಗೆ ಪರಿಚಯವಾದುದರಿಂದ ಕಣ್ಣಿಗೆ ಹೊಸದಾದುದಕ್ಕೆ ಸೇತುವೆಯಾಗುತ್ತದೆ. ರಾಯಚೂರಿನಿಂದ ಬಂದ ಮಗುವಿಗೂ ಇದೇ ಮಾತು ಅನ್ವಯಿಸುತ್ತದೆ. ಅದರ ಮನೆಮಾತು ಕನ್ನಡವೇ. ಆದರೂ ‘ಹೋಗಾಕತ್ತೀನಿ’ ಎನ್ನುವ ಮಗು ಪಠ್ಯದ ಮೈಸೂರು ಕನ್ನಡದೆದುರು ಮೂಕವಾಗುತ್ತದೆ. ಕನ್ನಡದೊಳಗಿನ ವೈವಿಧ್ಯವನ್ನು ಒಪ್ಪಿಕೊಳ್ಳದ ಪುಸ್ತಕ ಹೊರಗಿನ ವೈವಿಧ್ಯವನ್ನು ಒಪ್ಪಿಕೊಂಡೀತೆ?

ಮೂರನೆಯದು ಸಂಬಂಧವಾಚಕಗಳು. ಹಲಸೂರಿನ ತಮಿಳು ಹುಡುಗಿ ತನ್ನ ಮುದುಕಿಯನ್ನು ‘ಪಾಟಿ’ ಎಂದೇ ಕರೆಯಲಿ. ಶಿವಾಜಿನಗರದ ಹುಡುಗ ‘ದಾದಿ’ ಎನ್ನಲಿ. ತೆಲುಗು ಮನೆಯಲ್ಲಿ ‘ಅಮ್ಮಮ್ಮ’ ಇರಲಿ. ಎಲ್ಲರನ್ನೂ ‘ಅಜ್ಜಿ’ಯಾಗಿಸುವುದು ಸಮಾನತೆಯಲ್ಲ. ಅಡಿಟಿಪ್ಪಣಿಯ ಅಗತ್ಯವೂ ಇಲ್ಲ; ಸಂದರ್ಭದಿಂದ ಅರ್ಥ ಮಾಡಿಕೊಳ್ಳುವುದರಲ್ಲಿ ಮಕ್ಕಳು ನಮಗಿಂತ ಚುರುಕು. ಹೀಗೆ ಬರೆದರೆ ಕನ್ನಡ ಕೆಡುವುದೆಂಬ ಆಕ್ಷೇಪ ಬರಬಹುದು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಅವರಿಂದ ಕನ್ನಡ ಕೆಟ್ಟಿತೆ? ‘ಎದೆಯ ಹಣತೆ’ಯ ಕಥೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿಯವರೊಡನೆ, ೨೦೨೫ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ಬಾನು ಮುಷ್ತಾಕ್ ಉರ್ದು ಮನೆಯಿಂದ ಬಂದವರು. ಶಿವಮೊಗ್ಗದ ಕನ್ನಡ ಶಾಲೆಗೆ ಅವರನ್ನು ಸೇರಿಸಿದ್ದು ಎಂಟನೆಯ ವಯಸ್ಸಿನಲ್ಲಿ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ನಾವು ಇಲ್ಲಿ ಚರ್ಚಿಸುತ್ತಿರುವುದು ಸರಿಯಾಗಿ ಆ ವಯಸ್ಸನ್ನೇ. ಆ ಬಾಗಿಲು ತೆರೆದಿತ್ತಾದ್ದರಿಂದ ಕನ್ನಡಕ್ಕೆ ಒಬ್ಬ ಲೇಖಕಿ ದೊರೆತರು. ಮುಚ್ಚಿದ ಬಾಗಿಲುಗಳಿಂದ ಎಷ್ಟು ಮಂದಿ ಹಿಂದಿರುಗಿದರೆಂಬ ಲೆಕ್ಕ ಸಾಹಿತ್ಯ ಚರಿತ್ರೆಯಲ್ಲಿ ದೊರೆಯುವುದಿಲ್ಲ.

೫

ಈ ವಿವೇಚನೆಯ ಬಲದ ಮೇಲೆ ಅಧ್ಯಾಪಕರ ಮುಂದೆ ಕೆಲವು ಸೂಚನೆಗಳನ್ನು ಇಡಬಹುದು. ಆರೇಳು ವರ್ಷದವರಿಗೆ ‘ಕಿಂದರಿಜೋಗಿ’ಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ದೀರ್ಘವಾದ ಕಥೆಯೊಂದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಕಿವಿಯಿಂದಲೇ ಆರಂಭವಾಗುತ್ತದೆ. ನಲಿಕಲಿಯ ತರಗತಿಗಳನ್ನು ದಾಟಿದವರಿಗೆ ಶೃಂಗೇರಿ ಶ್ರೀನಿವಾಸನಂಥ ಕಥೆಗಳನ್ನೂ, ಸ್ಟೋರಿವೀವರಿನ ಮೂರನೆಯ ನಾಲ್ಕನೆಯ ಹಂತದ ಕಥೆಗಳನ್ನೂ ಕೊಡಬಹುದು. ಒಂದೇ ಕಥೆ ಅಲ್ಲಿ ಕನ್ನಡ, ತಮಿಳು, ತೆಲುಗು, ಉರ್ದುಗಳಲ್ಲಿ ದೊರೆಯುವಲ್ಲಿ, ಮನೆಮಾತಿನ ಪಾಠವನ್ನು ಮೊದಲು ಓದಿಸಿ ಕನ್ನಡವನ್ನು ಆಮೇಲೆ ಕೈಗಿಡುವುದು ದಂಡಿನ ಶಾಲೆಗಳಿಗೆ ಸುಲಭವಾದ ಪ್ರಯೋಗ. ಒಂಬತ್ತು ತುಂಬಿದವರಿಗೆ ‘ತೊತ್ತೋ-ಚಾನ್’, ದಿನಕ್ಕೊಂದು ಅಧ್ಯಾಯದಂತೆ. ‘ಸಿಂಪ್ಲಿ ನಂಜು’ವಿನಂಥ ಕೃತಿಗಳನ್ನು ಕನ್ನಡಿಸುವುದು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಯೋಗ್ಯವಾದ ಅಭ್ಯಾಸ.

ಆದರೆ ಅನುವಾದದಿಂದ ಮಾತ್ರ ಕೊರತೆ ತುಂಬದು. ಹಲಸೂರು ಕೆರೆಯ ದಂಡೆಯಲ್ಲಿ, ಕೃಷ್ಣರಾಜಪುರದ ಸಂತೆಯಲ್ಲಿ, ಬೈಯಪ್ಪನಹಳ್ಳಿಯ ರೈಲಿನಲ್ಲಿ ನಡೆಯುವ ಕಥೆಗಳನ್ನು ಅಲ್ಲಿಯೇ ಬೆಳೆದವರು ಕನ್ನಡದಲ್ಲಿ ಬರೆಯಬೇಕು. ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ನಗರದ ಪ್ರತಿ ಮನೆಯ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಲ್ಲುತ್ತಿದೆ. ಮನೆಯಲ್ಲಿ ಯಾವ ಭಾಷೆಯವರಾದರೂ ಅದನ್ನು ತೆರುತ್ತಾರೆ. ಆ ಗ್ರಂಥಾಲಯದ ಕನ್ನಡ ಕಪಾಟಿನಲ್ಲಿ ಅವರ ಮಕ್ಕಳಿಗೆ ಸಲ್ಲುವ ಪುಸ್ತಕ ಇರಬೇಕೆಂಬುದು ಔದಾರ್ಯದ ಮಾತಲ್ಲ, ನ್ಯಾಯದ ಮಾತು. ದಂಡಿನಲ್ಲಿ ಕನ್ನಡ ಉಳಿಯುವುದೆ ಎಂದು ಎರಡು ತಲೆಮಾರುಗಳಿಂದ ವಾದ ನಡೆದಿದೆ. ಫಲಕಗಳ ಮೇಲೆ ಅದು ಉಳಿದೀತು. ಎಂಟು ವರ್ಷದ ಮಗುವೊಂದು ಯಾರೂ ಹೇಳದೆ ಎರಡನೆಯ ಅಧ್ಯಾಯವನ್ನು ತೆರೆಯುವ ಮನೆಗಳಲ್ಲಿ ಮಾತ್ರ ಅದು ಬೆಳೆದೀತು.