ಹಿಂದೂಪುರದ ನಲ್ಲಿ, ಕಲ್ಯಾಣದುರ್ಗದ ಹಳಿ

ಹಿಂದೂಪುರಕ್ಕೆ ಕುಡಿಯುವ ನೀರು ಎರಡು ದಾರಿಯಲ್ಲಿ ಬರುತ್ತದೆ, ಎರಡೂ ದೂರದ ದಾರಿ. ಮೊದಲನೆಯದು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ ಹೊರಟು, ಮೇಲ್ಮಟ್ಟದ ಕಾಲುವೆ ಹಿಡಿದು, ಉರವಕೊಂಡದ ಕಡೆಯ ಪೆನ್ನ ಅಹೋಬಿಲಂ ಜಲಾಶಯ ಸೇರಿ, ಅಲ್ಲಿಂದ ಪೈಪಿನೊಳಗೆ ಇಡೀ ಸೀಮೆಯನ್ನು ದಾಟಿ ದಕ್ಷಿಣದ ತುದಿಗೆ ಬರುತ್ತದೆ. ಇದಕ್ಕೆ ನೀಲಕಂಠಾಪುರಂ ಶ್ರೀರಾಮರೆಡ್ಡಿ ಕುಡಿಯುವ ನೀರಿನ ಯೋಜನೆ ಎಂದು ಹೆಸರು. ಎರಡನೆಯದು ಕೃಷ್ಣೆಯ ನೀರು. ಶ್ರೀಶೈಲದ ಹಿನ್ನೀರನ್ನು ಮಲ್ಯಾಲದಲ್ಲಿ ಎತ್ತಿ, ಹಂದ್ರಿ–ನೀವಾ ಕಾಲುವೆಯ ಉದ್ದಕ್ಕೂ ಪಂಪಿನ ಮೇಲೆ ಪಂಪಿಟ್ಟು ಮೇಲೇರಿಸಿ, ಪೆನುಕೊಂಡದ ಹತ್ತಿರದ ಗೊಲ್ಲಪಲ್ಲಿ ಜಲಾಶಯಕ್ಕೆ ತುಂಬಿ, ಅಲ್ಲಿಂದ ಅಮೃತ್ ಯೋಜನೆಯ ದುಡ್ಡಿನಲ್ಲಿ ಹಾಕಿದ ಕೊಳವೆಯಲ್ಲಿ ಊರಿಗೆ ತರುತ್ತಾರೆ. ಮಲ್ಯಾಲದಿಂದ ಜೀಡಿಪಲ್ಲಿ ಜಲಾಶಯದವರೆಗಿನ ಮೊದಲ ಹಂತವೇ 216 ಕಿಲೋಮೀಟರ್. ಗೊಲ್ಲಪಲ್ಲಿ ಅದರಾಚೆಗಿದೆ.

ಇಷ್ಟೆಲ್ಲ ನಡೆಯುವ ಊರಿನ ಮಗ್ಗುಲಲ್ಲೇ ಒಂದು ನದಿಯಿದೆ. ನಂದಿಬೆಟ್ಟಗಳ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಹಿಂದೂಪುರದ ಬಳಿ ಆಂಧ್ರದೊಳಕ್ಕೆ ಕಾಲಿಡುತ್ತದೆ. ಜಯಮಂಗಲಿಯೂ ಪರಿಗಿಯ ಕಡೆ ಬಂದು ಅದನ್ನು ಸೇರುತ್ತದೆ. ಬಹುಪಾಲು ವರ್ಷಗಳಲ್ಲಿ ಅಲ್ಲಿ ನೋಡಲು ಸಿಗುವುದು ಮರಳು ಮತ್ತು ಜಾಲಿ. 2021, 2022ರಂಥ ದೊಡ್ಡ ಮಳೆಯ ವರ್ಷಗಳಲ್ಲಿ ಮಾತ್ರ ಅದು ತುಂಬಿ ಹರಿದು, ನದಿ ಇನ್ನೂ ಇದೆ ಎಂಬುದನ್ನು ಜನರಿಗೆ ನೆನಪಿಸಿತು.

ಪುಸ್ತಕವನ್ನು, ನಾಟಕವನ್ನು ವಿಮರ್ಶಿಸುವ ಎಚ್ಚರದಲ್ಲೇ ಸಾರ್ವಜನಿಕ ಕಾಮಗಾರಿಯನ್ನೂ ವಿಮರ್ಶಿಸಬೇಕೆಂದು ನಾನು ನಂಬಿದ್ದೇನೆ. ಕಟ್ಟಿದವರ ಉದ್ದೇಶವೇನಿತ್ತು, ಕೈಗೆ ಬಂದದ್ದೇನು, ಯಾರನ್ನು ಹೊರಗಿಟ್ಟಿತು ಎಂದು ಕೇಳಬೇಕು. ಹಿಂದೂಪುರ ಮತ್ತು ಆಂಧ್ರದ ಇದೇ ಸೀಮೆಯ ಇನ್ನೊಂದು ಊರಾದ ಕಲ್ಯಾಣದುರ್ಗಗಳ ಕಾಮಗಾರಿಗಳನ್ನು ಉದ್ಘಾಟನೆಯ ದಿನ ಎಲ್ಲರೂ ಹೊಗಳಿದ್ದಾರೆ, ಚುನಾವಣೆಯ ಮುಂದೆ ಎಲ್ಲರೂ ಬೈದಿದ್ದಾರೆ. ಅವೆರಡರ ನಡುವಿನ ಸಾಮಾನ್ಯ ದಿನಗಳ ಮಾತು ಆಡಿದವರು ಕಡಿಮೆ. ಗಡಿಯ ಈಚೆಗಿರುವ ನಮಗೆ ಅದು ಪರರಾಜ್ಯದ ವಿಷಯವೆಂಬ ನೆಪವೂ ಇದೆ. ಆ ನೆಪ ನಿಲ್ಲುವುದಿಲ್ಲ. ನದಿ ನಮ್ಮದು, ತುಂಗಭದ್ರಾ ಅಣೆಕಟ್ಟು ನಮ್ಮ ನೆಲದಲ್ಲಿದೆ, ಹಿಂದೂಪುರದ ರೈಲು ನಿಲ್ದಾಣ ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು, ಮತ್ತು ಆ ನಲ್ಲಿಗಳ ಮುಂದೆ ಕೊಡ ಹಿಡಿದು ನಿಲ್ಲುವವರಲ್ಲಿ ಕನ್ನಡದವರು ಬಹಳ ಮಂದಿ. ಮಡಕಶಿರಾ ಸೀಮೆಯ ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳಲ್ಲಂತೂ ಮನೆಮಾತೇ ಕನ್ನಡ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷ ಜನ ಇದ್ದ ಊರು ಹಿಂದೂಪುರ. ಹುಣಸೆ, ಒಣಮೆಣಸಿನಕಾಯಿ, ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ಎನ್.ಟಿ. ರಾಮರಾವ್ ಅವರೇ ಶಾಸಕರಾಗಿದ್ದ ಕ್ಷೇತ್ರ. ಅಂಥ ಊರು ದಶಕಗಳ ಕಾಲ ಟ್ಯಾಂಕರ್ ನೀರಿನಲ್ಲಿ ಬದುಕಿತು. ಬೇಸಿಗೆ ಬಂತೆಂದರೆ ಹೆಂಗಸರ ನಿದ್ದೆಯನ್ನು ಟ್ಯಾಂಕರಿನ ವೇಳೆಯೇ ನಿರ್ಧರಿಸುತ್ತಿತ್ತು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಬೇರೆ. ಅಲ್ಲಿಗೆ ನದಿಯ ನೀರನ್ನು ಮುಟ್ಟಿಸಿದ್ದು ಸಣ್ಣ ಕೆಲಸವಲ್ಲ. 1990ರ ದಶಕದ ನಡುವೆ ಸತ್ಯಸಾಯಿ ಟ್ರಸ್ಟ್ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಪೈಪ್ ಎಳೆದಾಗಲೇ ಆಗಿನ ಅನಂತಪುರ ಜಿಲ್ಲೆಯಲ್ಲಿ ಇದು ಆಗಬಲ್ಲ ಕೆಲಸವೆಂದು ತೋರಿತ್ತು. ಆಮೇಲಿನ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಅದೇ ದಾರಿಯಲ್ಲಿ ನಡೆದವು. ಗೊಲ್ಲಪಲ್ಲಿಯಿಂದ ಬಂದ ಕೊಳವೆ ಹಿಂದೂಪುರದ ಬದುಕನ್ನು ನಿಜವಾಗಿಯೂ ಹಗುರ ಮಾಡಿದೆ.

ಆದರೆ ಕೊಳವೆ ಹಾಕುವುದು ಒಮ್ಮೆಯ ಕೆಲಸ, ನೀರು ಕೊಡುವುದು ದಿನದ ಕೆಲಸ. ಈ ಎರಡನೆಯದರಲ್ಲಿ ಯೋಜನೆಗಳು ಸೋತಿವೆ. ನನ್ನ ಮುಖ್ಯ ತಕರಾರು ಇಲ್ಲಿದೆ. ಶ್ರೀರಾಮರೆಡ್ಡಿ ಯೋಜನೆಯ ಪಂಪ್‌ಹೌಸ್‌ಗಳನ್ನು ನಡೆಸುವವರು, ಸೋರಿಕೆ ಮುಚ್ಚುವವರು, ವಾಲ್ವ್ ತಿರುಗಿಸುವವರು ಗುತ್ತಿಗೆ ಕಾರ್ಮಿಕರು. ಅವರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿದಿದೆ, ಅವರು ಮುಷ್ಕರ ಹೂಡಿದ್ದಾರೆ, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಪೆನುಕೊಂಡ, ಹಿಂದೂಪುರ ಭಾಗದ ಹಳ್ಳಿಗಳ ನಲ್ಲಿಗಳು ಒಣಗಿವೆ. ಒಮ್ಮೆ ಅಲ್ಲ, ಮತ್ತೆ ಮತ್ತೆ. ಸತ್ಯಸಾಯಿ ಯೋಜನೆ ಟ್ರಸ್ಟಿನ ಕೈಯಿಂದ ಸರ್ಕಾರದ ಕೈಗೆ ಬಂದ ಮೇಲೆ ಅಲ್ಲೂ ಇದೇ ಕಥೆ. ಬರಗಾಲವಿಲ್ಲ, ಜಲಾಶಯದಲ್ಲಿ ನೀರಿದೆ, ಕೊಳವೆ ಗಟ್ಟಿಯಾಗಿದೆ, ಮೋಟರು ಓಡುವ ಸ್ಥಿತಿಯಲ್ಲಿದೆ. ಆದರೂ ಅಕ್ಕ ತಂಗಿಯರು ಕೊಡ ಹೊತ್ತು ಹೊಲದ ಬೋರಿನ ಕಡೆ ನಡೆಯುತ್ತಾರೆ, ಗುಂಡಿ ಒತ್ತುವವನಿಗೆ ಕೂಲಿ ಸಿಗದ ಕಾರಣಕ್ಕೆ. ಇದಕ್ಕಿಂತ ಕೆಟ್ಟ ಯೋಜನಾದೋಷ ನನಗೆ ತಿಳಿದಂತೆ ಬೇರೆ ಇಲ್ಲ. ನೂರಾರು ಕೋಟಿಯ ಅಂದಾಜುಪಟ್ಟಿಯಲ್ಲಿ ಉಕ್ಕಿಗೆ, ಸಿಮೆಂಟಿಗೆ, ಮೋಟರಿಗೆ ಸಾಲಿದೆ. ಮುಂದಿನ ಮೂವತ್ತು ವರ್ಷ ಅದನ್ನು ಕಾಯುವ ಮನುಷ್ಯನ ಕೂಲಿಗೆ ಭದ್ರವಾದ ಸಾಲಿಲ್ಲ, ಅದು ವರ್ಷ ವರ್ಷವೂ ಬೇಡಿ ತರಬೇಕಾದ ಬಾಬತ್ತು.

ಈ ಸೀಮೆಗೆ ಇದು ಗೊತ್ತಿಲ್ಲದ ವಿಷಯವೂ ಅಲ್ಲ. ಅನಂತಪುರ ಜಿಲ್ಲೆಯ ಕೆರೆಗಳಿಗೆ ದಶಬಂಧ ಇನಾಮು ಇರುತ್ತಿತ್ತು. ಕೆರೆಯನ್ನು ಕಟ್ಟಿದವನಿಗೆ, ದುರಸ್ತಿ ನೋಡಿಕೊಳ್ಳುವವನಿಗೆ ಅದರ ಕೆಳಗಿನ ನೆಲದಲ್ಲಿ ಪಾಲು. ತೂಬು ತೆರೆಯುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು, ಮೇಲು ಕೀಳು ಎಲ್ಲ ಇದ್ದವು, ಅದನ್ನು ಮರಳಿ ತನ್ನಿ ಎಂದು ನಾನು ಹೇಳುತ್ತಿಲ್ಲ. ಆದರೆ ನೀರಿನ ಕೆಲಸಕ್ಕೂ ಕೆಲಸಗಾರನ ಊಟಕ್ಕೂ ಅದು ಗಂಟು ಹಾಕಿತ್ತು. ಈಗಿನ ಗುತ್ತಿಗೆ ಪದ್ಧತಿ ಆ ಗಂಟನ್ನು ಬಿಚ್ಚಿ ಬೇರೇನನ್ನೂ ಕಟ್ಟಲಿಲ್ಲ.

ಇದಕ್ಕೂ ಹಳೆಯದೊಂದು ದಾಖಲೆಯಿದೆ. ಗೌರಿಬಿದನೂರು ಸೀಮೆಯ 1388ರ ಕನ್ನಡ ಶಾಸನ ಅದು. ವಿಜಯನಗರದ ಇಮ್ಮಡಿ ಹರಿಹರನ ಮಗ ಬುಕ್ಕರಾಯ ಪೆನುಕೊಂಡದಲ್ಲಿ ಆಳುತ್ತಿದ್ದಾಗ, ಪ್ರಜೆಗಳಿಗೆ ನೀರೇ ಜೀವವೆಂದು ಬಗೆದು, ಹೆನ್ನೆಯನ್ನು, ಅಂದರೆ ಇದೇ ಪಿನಾಕಿನಿಯನ್ನು, ಪೆನುಕೊಂಡಕ್ಕೆ ತರಬೇಕೆಂದು ಜಲಸೂತ್ರದ ಸಿಂಗಾಯಭಟ್ಟನಿಗೆ ಅಪ್ಪಣೆ ಕೊಟ್ಟ. ಆತ ಕಾಲುವೆ ತೋಡಿ ಸಿರುವರದ ಕೆರೆಗೆ ನೀರು ಮುಟ್ಟಿಸಿದ. ಈಗ ಅದೇ ಪೆನುಕೊಂಡದ ಪಕ್ಕಕ್ಕೆ ಕೃಷ್ಣೆ ಬಂದಿದ್ದಾಳೆ. 2019ರಲ್ಲಿ ಕಾರು ತಯಾರಿಕೆ ಆರಂಭಿಸಿದ ಎರ್ರಮಂಚಿಯ ಕಿಯಾ ಕಾರ್ಖಾನೆಗೆ ನೀರು ಹೋಗುವುದೂ ಗೊಲ್ಲಪಲ್ಲಿಯಿಂದಲೇ. ಕಾರ್ಖಾನೆ ಬರಬೇಕು, ಕೆಲಸ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದೇ ಜಲಾಶಯವನ್ನು ನಂಬಿರುವವರಲ್ಲಿ ಕೊರತೆಯ ವರ್ಷ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬುದನ್ನು ಮಾತ್ರ ಬರೆದು ಊರ ಮುಂದೆ ಇಡಬೇಕು. ಅದು ಅಧಿಕಾರಿಯ ಆ ಹೊತ್ತಿನ ತೀರ್ಮಾನಕ್ಕೆ ಬಿಡುವ ವಿಷಯವಲ್ಲ.

ದೂರದ ನೀರಿಗೆ ಇನ್ನೊಂದು ಅಪಾಯವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ನಮ್ಮ ಪತ್ರಿಕೆಗಳು ಕೊಪ್ಪಳ, ಬಳ್ಳಾರಿ, ರಾಯಚೂರುಗಳ ಗದ್ದೆಯ ಆತಂಕ ಬರೆದವು, ಸರಿಯಾಗಿಯೇ ಬರೆದವು. ಅದೇ ಸರಪಳಿಗೆ ಕಲ್ಯಾಣದುರ್ಗದ ಹಳ್ಳಿಯ ಬಿಂದಿಗೆಯೂ ಜೋತುಬಿದ್ದಿತ್ತೆಂದು ಎಷ್ಟು ಜನಕ್ಕೆ ಹೊಳೆಯಿತು? ಉದ್ದದ ಯೋಜನೆಯಲ್ಲಿ ಕಟ್ಟಕಡೆಯವರ ಕಷ್ಟ ಮೊದಲ ತುದಿಯವರ ಕಣ್ಣಿಗೆ ಬೀಳುವುದೇ ಇಲ್ಲ.

ಹತ್ತಿರದ ನದಿಯ ಸಾವಿನಲ್ಲಿ ನಮ್ಮ ಪಾಲನ್ನೂ ಹೇಳಬೇಕು. 1892ರಲ್ಲಿ ಮೈಸೂರು ಮತ್ತು ಮದ್ರಾಸು ಮಾಡಿಕೊಂಡ ಒಪ್ಪಂದದ ನದಿಗಳ ಪಟ್ಟಿಯಲ್ಲಿ ಉತ್ತರ ಪಿನಾಕಿನಿಯೂ ಇದೆ, ಕಲ್ಯಾಣದುರ್ಗ–ರಾಯದುರ್ಗ ಸೀಮೆಯ ವೇದಾವತಿಯೂ ಇದೆ. ಮೇಲಿನವರು ಕೆಳಗಿನವರ ಒಪ್ಪಿಗೆಯಿಲ್ಲದೆ ಹೊಸ ಕಟ್ಟೆ ಕಟ್ಟಬಾರದೆಂಬುದು ಅದರ ತಿರುಳು. ಒಪ್ಪಂದ ಕಟ್ಟೆಗಳನ್ನು ಎಣಿಸಿತು. ಕೊಳವೆಬಾವಿ ಆಗ ಇರಲಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿಯ ಕಡೆ ಸಾವಿರ ಅಡಿಗಿಳಿದ ಬೋರುಗಳು, ತೋಡಿದ ಮರಳು, ಒತ್ತುವರಿಯಾದ ರಾಜಕಾಲುವೆಗಳು ಯಾವ ಒಪ್ಪಂದವನ್ನೂ ಮುರಿಯದೆ ನದಿಯನ್ನು ಒಣಗಿಸಿದವು. ಈಗ ನಾವೂ ಅದೇ ಮದ್ದಿಗೆ ಕೈಚಾಚಿದ್ದೇವೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಯುತ್ತಿದೆ, ಎತ್ತಿನಹೊಳೆಯ ನೀರು ಪಶ್ಚಿಮಘಟ್ಟದಿಂದ ಬರುತ್ತದೆಂದು ಕಾಯುತ್ತಿದ್ದೇವೆ. ಗಡಿಯ ಆಚೆಗೂ ಈಚೆಗೂ ಒಂದೇ ಬಗೆಯ ತಜ್ಞರು ಒಂದೇ ಬಗೆಯ ನಕ್ಷೆ ಬರೆಯುತ್ತಿದ್ದಾರೆ. ಅದರಲ್ಲಿ ಪಿನಾಕಿನಿಯ ಪಾತ್ರ ಬರಿಯ ಗೆರೆ.

ಕಲ್ಯಾಣದುರ್ಗದ ಕಥೆಯನ್ನು ರೈಲಿನಿಂದ ಹೇಳುವುದು ಸರಿ. ರಾಯದುರ್ಗದಿಂದ ತುಮಕೂರಿಗೆ 207 ಕಿಲೋಮೀಟರ್ ಮಾರ್ಗಕ್ಕೆ 2007–08ರಲ್ಲಿ ಮಂಜೂರಾತಿ ಸಿಕ್ಕಿತು. ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ, ಕೊರಟಗೆರೆ, ಹೀಗೆ ಎರಡೂ ರಾಜ್ಯಗಳ ಬರದ ತಾಲ್ಲೂಕುಗಳನ್ನೇ ಪೋಣಿಸುವ ದಾರಿ. ಕಾಗದದ ಮೇಲೆ ಇಷ್ಟು ನ್ಯಾಯವಾದ ರೈಲುಮಾರ್ಗ ನಮ್ಮ ಕಡೆ ಅಪರೂಪ. ರಾಯದುರ್ಗದಿಂದ ಕಲ್ಯಾಣದುರ್ಗಕ್ಕೆ, ಅಲ್ಲಿಂದ ಕದಿರಿದೇವರಪಲ್ಲಿಗೆ 63 ಕಿಲೋಮೀಟರ್ ಹಳಿ ಬಿತ್ತು, ಗಾಡಿಯೂ ಓಡಿತು. ಆದರೆ ತುಮಕೂರು ಮುಟ್ಟದ ಈ ಹಳಿ ಬಳ್ಳಾರಿಯ ಕಡೆಗಷ್ಟೇ ಬಾಯಿ ತೆರೆದಿದೆ. ಕಲ್ಯಾಣದುರ್ಗದ ಯುವಕನಿಗೆ ಕೆಲಸವಿರುವುದು ತುಮಕೂರು, ಬೆಂಗಳೂರಿನಲ್ಲಿ. ಅವನು ಈಗಲೂ ರಾತ್ರಿಯ ಬಸ್ಸು ಹತ್ತುತ್ತಾನೆ. ಭೂಸ್ವಾಧೀನ ಎರಡೂ ರಾಜ್ಯಗಳಲ್ಲಿ ಎಳೆದಾಡಿತು, ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಕಾದರು. ಇಲ್ಲೂ ಕಿಲೋಮೀಟರ್ ಲೆಕ್ಕ ಮುಂದೆ ಹೋಗಿದೆ, ಪ್ರಯಾಣಿಕನ ಲೆಕ್ಕ ನಿಂತಿದೆ.

ಅದೇ ಊರಿನಲ್ಲಿ ಬೇರೆ ರೀತಿಯ ಕೆಲಸವೂ ಕಾಣುತ್ತದೆ. ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಆರ್‌ಡಿಟಿ ಸಂಸ್ಥೆಯ ಆಸ್ಪತ್ರೆ ಕಲ್ಯಾಣದುರ್ಗದಲ್ಲಿದೆ. ಬಡವರ ಹೆರಿಗೆಗೆ ಆಸರೆಯಾದ ಜಾಗ. ಅದರ ಗುಣ ಕಟ್ಟಡದಲ್ಲಿಲ್ಲ. ನರ್ಸು ಇವತ್ತೂ ಇದ್ದಾಳೆ, ನಾಳೆಯೂ ಇರುತ್ತಾಳೆ ಎಂಬ ಭರವಸೆಯಲ್ಲಿದೆ. ಸರ್ಕಾರ ಕೈಯಿಂದ ಜಾರಿಸಿಕೊಂಡದ್ದು ಈ ಭರವಸೆಯನ್ನೇ.

ಹಿಂದೂಪುರಕ್ಕೆ ಮರಳುತ್ತೇನೆ, ಏಕೆಂದರೆ ಅದು ಈಗ ಬೆಂಗಳೂರಿನ ಹೊರಊರು. ಸುಮಾರು ನೂರು ಕಿಲೋಮೀಟರ್. ಮೆಮು ರೈಲಿನಲ್ಲಿ ದಿನವೂ ಕೂಲಿಯವರು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ಕಾಲೇಜಿನವರು, ಬೆಂಗಳೂರಿನ ಆಸ್ಪತ್ರೆಗಳ ಚೀಟಿ ಹಿಡಿದ ಮುದುಕರು ಹೋಗಿಬರುತ್ತಾರೆ. ಈ ನಂಟು ಯಾವ ಯೋಜನೆಯ ಕಾಗದದಲ್ಲೂ ಇಲ್ಲ. ಬೆಂಗಳೂರು ಉಪನಗರ ರೈಲನ್ನು ಸುತ್ತಲಿನ ಊರುಗಳಿಗೆ ವಿಸ್ತರಿಸುವ ಪ್ರಸ್ತಾವ 2023ರಲ್ಲಿ ಎದ್ದಾಗ, ತಮಿಳುನಾಡಿನ ಹೊಸೂರು ಪಟ್ಟಿಯಲ್ಲಿತ್ತು. ರಾಜಾನುಕುಂಟೆಯಿಂದ ಹೊರಟ ಗೆರೆ ಮಾತ್ರ ಗೌರಿಬಿದನೂರಿಗೆ ನಿಂತಿತು, ಹಿಂದೂಪುರ ಅಲ್ಲಿಂದ ಕೂಗಳತೆಯಲ್ಲಿದ್ದರೂ. ಆಮೇಲೆ ಇಡೀ ಪ್ರಸ್ತಾವವೇ ರೈಲ್ವೆಯ ಒಪ್ಪಿಗೆ ಸಿಗದೆ ಕುಂಟಿತು, ಅದು ಬೇರೆ ಮಾತು. ಆಂಧ್ರದ ಕಡೆ ನೋಡಿದರೂ ಹೀಗೆಯೇ. 2022ರಲ್ಲಿ ಹೊಸ ಜಿಲ್ಲೆ ಮಾಡಿದಾಗ ಹಿಂದೂಪುರದವರು ಜಿಲ್ಲಾಕೇಂದ್ರ ಕೇಳಿ ಬೀದಿಗಿಳಿದರು, ಶಾಸಕ ಬಾಲಕೃಷ್ಣ ಮೌನದೀಕ್ಷೆ ಕೂತರು. ಕೇಂದ್ರ ಪುಟ್ಟಪರ್ತಿಗೆ ಹೋಯಿತು. ಜಿಲ್ಲಾಧಿಕಾರಿ ಒಂದು ದಿಕ್ಕಿನಲ್ಲಿ, ದುಡಿಮೆ ಇನ್ನೊಂದು ದಿಕ್ಕಿನಲ್ಲಿ, ನೀರು ಮೂರನೆಯ ದಿಕ್ಕಿನಿಂದ. ಊರಿನ ನಿಜವಾದ ಬದುಕು ಹರಡಿರುವ ವಿಸ್ತಾರವನ್ನು ಒಟ್ಟಿಗೆ ನೋಡುವ ಕಚೇರಿ ಎಲ್ಲಿಯೂ ಇಲ್ಲ.

ನಾನು ಕೇಳುವುದು ಹೊಸ ಉದ್ಘಾಟನೆಯನ್ನಲ್ಲ. ಶ್ರೀರಾಮರೆಡ್ಡಿ ಯೋಜನೆಯ ಕಾರ್ಮಿಕರ ಸಂಬಳ ವಿದ್ಯುತ್ ಬಿಲ್ಲಿನ ಹಾಗೆ, ಸಾಲದ ಕಂತಿನ ಹಾಗೆ ತಪ್ಪದ ಖರ್ಚಾಗಿ ಬಜೆಟ್ಟಿಗೆ ಸೇರಲಿ. ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಟ್ಟರು ಎಂಬುದನ್ನು ಹಿಂದೂಪುರ ಮತ್ತು ಕಲ್ಯಾಣದುರ್ಗದ ಪುರಸಭೆಗಳು ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಲಿ, ತೆಲುಗಿನಲ್ಲೂ ಕನ್ನಡದಲ್ಲೂ. ಅದರ ಜೊತೆಗೆ ಗೌರಿಬಿದನೂರಿನಿಂದ ಪರಿಗಿಯವರೆಗಿನ ಕೆರೆಗಳನ್ನು ಒಂದೇ ಸರಪಣಿಯೆಂದು ಹಿಡಿದು, ಕೋಡಿಯಿಂದ ಕೋಡಿಗೆ ಇರುವ ಹಳ್ಳಗಳ ಒತ್ತುವರಿ ತೆರವುಗೊಳಿಸಲು ಎರಡೂ ಕಡೆಯ ಸಣ್ಣ ನೀರಾವರಿ ಇಲಾಖೆಗಳು ಒಂದೇ ಮೇಜಿಗೆ ಬರಲಿ. ಗೌರಿಬಿದನೂರಿನಿಂದ ಹಿಂದೂಪುರ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಅಷ್ಟು ದೂರದ ಸಭೆಗೆ ಎಂಜಿನಿಯರುಗಳನ್ನು ಕಳಿಸಲು ಬೆಂಗಳೂರಾಗಲಿ ಅಮರಾವತಿಯಾಗಲಿ ಅಂತರರಾಜ್ಯ ನ್ಯಾಯಮಂಡಳಿಯ ಅಪ್ಪಣೆಗೆ ಕಾಯಬೇಕಾಗಿಲ್ಲ.